ಹುಣಸೆಮರ ಬಿಟ್ಟುಕೊಟ್ಟವರಿಗೆ ಕಾನೂನಿನ ಕಟ್ಟು, ಕೆರೆ ಕೆಡಿಸಿದವರಿಗೆ?

ಬಿಂಡಿಗನವಿಲೆ ಅಂದರೆ ನಾಗಮಂಗಲ ಸೀಮೆಯ ಹಿರಿಯರಿಗೆ ಮೊದಲು ನೆನಪಾಗೋದು ಅಲ್ಲಿನ ಗರುಡ. ಊರ ಹೆಸರಲ್ಲಿ ನವಿಲೂ ಕೂತಂಗೆ ಕೇಳಿಸುತ್ತೆ. ಅದೇ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ಸರ್ಕಾರ ಘೋಷಿಸಿದ ನವಿಲುಧಾಮವೂ ಇದೆ, ನೂರು ಹೆಕ್ಟೇರ್ ಕೂಡ ಇಲ್ಲದ ಪುಟ್ಟ ಜಾಗ. ನವಿಲಿಗೆ ಆ ಗಡಿ ಗೊತ್ತಿಲ್ಲ. ಅದು ಹೊಲಕ್ಕೆ ಬರುತ್ತೆ, ಬಿತ್ತಿದ ಕಾಳು ಹೆಕ್ಕುತ್ತೆ. ರೈತ ಬೈಕೊಂಡು ಅಟ್ಟುತ್ತಾನೆ, ಮತ್ತೆ ಬರುತ್ತೆ, ಮತ್ತೆ ಅಟ್ಟುತ್ತಾನೆ. ಈ ಸಹನೆಗೆ ನಾವು ಯಾವ ಹೆಸರೂ ಇಟ್ಟಿಲ್ಲ. ಟೀಶರ್ಟ್ ಹಾಕ್ಕೊಂಡು ಭಾನುವಾರ ಕೆರೆದಂಡೆಯ ಪ್ಲಾಸ್ಟಿಕ್ ಆರಿಸೋರಿಗೆ ಮಾತ್ರ 'ಸ್ವಯಂಸೇವಕರು' ಅಂತೀವಿ. (ಆರಿಸೋದು ಬೇಡ ಅಂತಲ್ಲ, ನಾನೂ ಆರಿಸಿದ್ದೀನಿ.)

ಹೀಗೆ ತಾವಾಗಿಯೇ ಕಾಯುವವರಿಗೆ ಈ ದೇಶದ ಕಾನೂನಿನಲ್ಲಿ ಒಂದು ಜಾಗ ಇದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು 'ಸಮುದಾಯ ಮೀಸಲು' ಅನ್ನೋ ಹೊಸ ವರ್ಗ ಸೇರಿಸಿದರು. ಸಮುದಾಯವಾಗಲಿ, ಒಬ್ಬ ವ್ಯಕ್ತಿಯಾಗಲಿ ಸ್ವಇಚ್ಛೆಯಿಂದ ವನ್ಯಜೀವಿಗಳನ್ನು ಕಾಯಲು ಮುಂದೆ ಬಂದರೆ ಅವರ ಜಮೀನನ್ನು ಸರ್ಕಾರ ಹಾಗೆ ಘೋಷಿಸಬಹುದು. ಕರ್ನಾಟಕದಲ್ಲಿ ಈ ಹೆಸರು ಮೊದಲು ಸಿಕ್ಕಿದ್ದು ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿಗೆ, 2007ರಲ್ಲಿ. ಇದು ಮದ್ದೂರು ತಾಲ್ಲೂಕಿನ ಬೆಳ್ಳೂರು. ನಾಗಮಂಗಲದ ಬೆಳ್ಳೂರು ಕ್ರಾಸ್‌ನಲ್ಲಿ ಇಳಿದು ಕೊಕ್ಕರೆ ಹುಡುಕಬೇಡಿ.

ಕೊಕ್ಕರೆಬೆಳ್ಳೂರಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟೋದು ಕಾಡಲ್ಲಿ ಅಲ್ಲ, ಮನೆ ಹಿತ್ತಲಲ್ಲಿ, ಬೀದಿ ಬದಿಯ ಹುಣಸೆ ಮರದಲ್ಲಿ. ಬಣ್ಣದ ಕೊಕ್ಕರೆಗಳೂ ಅಷ್ಟೇ. ಪ್ಲೇಗ್ ಬಂದು ಊರು ಶಿಂಷಾ ದಂಡೆ ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಊರಿನವರು ಹೇಳ್ತಾರೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಲೇ ಇವುಗಳನ್ನು ನೋಡ್ಕೊಂಡು ಬಂದಿದ್ದಾರೆ. ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ್ 1976ರಲ್ಲಿ ಈ ಊರನ್ನು ಹೊರಜಗತ್ತಿಗೆ ತೋರಿಸುವ ಹೊತ್ತಿಗೆ ಕಾಯುವ ಕೆಲಸ ಎಷ್ಟೋ ತಲೆಮಾರು ಹಳೆಯದಾಗಿತ್ತು. ಆಮೇಲೆ 90ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಜತೆ ಸೇರಿ ಊರಿನ ಹುಡುಗರು 'ಹೆಜ್ಜಾರ್ಲೆ ಬಳಗ' ಕಟ್ಟಿದರು. ಗೂಡಿಂದ ಬಿದ್ದ ಮರಿ ಎತ್ಕೊಂಡು ಬಂದು, ಮೀನು ತಿನ್ನಿಸಿ, ಹಾರುವಷ್ಟು ಬೆಳೆಸಿ ಬಿಡೋದು ಅವರ ಕೆಲಸ. ಗಬ್ಬು ವಾಸನೆಯ ಕೆಲಸ, ಫೋಟೋಗೆ ಚೆಂದ ಕಾಣಲ್ಲ.

ತವರುಮನೆಯ ಕಥೆ ಚೆನ್ನಾಗಿದೆ, ಆದರೆ ಅದರ ಲೆಕ್ಕವನ್ನೂ ನೋಡಬೇಕು. ಹಕ್ಕಿ ಕೂತ ಹುಣಸೆ ಮರದ ಹಣ್ಣು ಬಡಿಯೋ ಹಾಗಿಲ್ಲ. ಮರ ಬಡವರ ಮನೆಯ ವರ್ಷದ ಕಾಸು. ಅರಣ್ಯ ಇಲಾಖೆ ಗೂಡಿರುವ ಮರಗಳಿಗೆ ಪರಿಹಾರ ಕೊಡುತ್ತೆ. ಅದು ಹಣ್ಣಿನ ಬೆಲೆಗೆ ಸಾಟಿಯಲ್ಲ ಅನ್ನೋದು ಊರಿನ ಹಳೇ ತಕರಾರು. ಹಿಕ್ಕೆ ಬಿದ್ದ ಮಣ್ಣು ಗೊಬ್ಬರವಾಗುತ್ತಿತ್ತು, ಅದೊಂದು ಸಮಾಧಾನ. ಪ್ರೀತಿ ಇದ್ದೇ ಇದೆ, ಆದರೆ ಖರ್ಚು ಹೊರುವವರು ಯಾರು ಅಂತ ಕೇಳಿದರೆ ಉತ್ತರ ಒಂದೇ: ಮರದ ಯಜಮಾನರು.

ಈಗ ಕಾನೂನನ್ನ ಇನ್ನೊಂದು ಸಲ ಓದಿ. ಸಮುದಾಯ ಮೀಸಲು ಅಂತ ಘೋಷಣೆಯಾದ ಮೇಲೆ ಅದರೊಳಗಿನ ಭೂಬಳಕೆ ಬದಲಿಸಬೇಕಾದರೆ ನಿರ್ವಹಣಾ ಸಮಿತಿಯ ನಿರ್ಣಯ ಬೇಕು, ಅದರ ಮೇಲೆ ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. ಸಮಿತಿಗೆ ಗ್ರಾಮ ಪಂಚಾಯ್ತಿ ಕನಿಷ್ಠ ಐದು ಜನರನ್ನು ಹೆಸರಿಸುತ್ತೆ, ಜತೆಗೆ ಇಲಾಖೆಯ ಒಬ್ಬರು. ಅಂದರೆ ತಾವಾಗಿ ಮುಂದೆ ಬಂದವರ ಜಮೀನು ಕಟ್ಟುಪಾಡಿಗೆ ಒಳಪಡುತ್ತೆ. ಮುಂದೆ ಬಾರದವರಿಗೆ ಈ ಕಟ್ಟು ಏನೂ ಇಲ್ಲ. ನನಗೆ ಇದರಲ್ಲೇ ತಪ್ಪು ಕಾಣೋದು.

ಯಾಕಂದರೆ ಹೆಜ್ಜಾರ್ಲೆ ಮಲಗೋದು ಹುಣಸೆ ಮರದಲ್ಲಿ, ಉಣ್ಣೋದು ಬೇರೆ ಕಡೆ. ಶಿಂಷಾ ನದಿ, ತೈಲೂರು ಕೆರೆ, ಮದ್ದೂರು ಕೆರೆ, ಸೂಳೆಕೆರೆ, ಹೀಗೆ ಸುತ್ತಲಿನ ನೀರಿಗೆಲ್ಲ ಹಾರಿ ಹೋಗಿ ಮೀನು ತರುತ್ತೆ. 2017ರ ಕೊನೆಯಿಂದ 2018ರವರೆಗೆ ಕೊಕ್ಕರೆಬೆಳ್ಳೂರಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೆ ಒಂದು ಸತ್ತು ಬಿದ್ದವು. ಹೊಟ್ಟೆ ಕೊಯ್ದು ನೋಡಿದರೆ ತುಂಬ ಹುಳು, ಬಂದದ್ದು ಮೀನಿನಿಂದ. ಕೆಟ್ಟ ನೀರಿನ ಕಡೆಗೆ ಬೆರಳು ಹೋಯಿತು. ಮರ ಕಾಯ್ದವರು ಆ ಸಾವಿನ ಮುಂದೆ ಮಾಡಬಹುದಾಗಿದ್ದು ಸತ್ತ ಹಕ್ಕಿಯನ್ನು ಎತ್ತಿ ಇಲಾಖೆಗೆ ಒಪ್ಪಿಸುವುದಷ್ಟೇ.

ಆ ನೀರಿನ ಯಜಮಾನರು ಯಾರು? ನೀರು ಬಿಡೋದು ನೀರಾವರಿಯವರು. ದೊಡ್ಡ ಕೆರೆಯ ಮೀನು ಗುತ್ತಿಗೆ ಮೀನುಗಾರಿಕೆ ಇಲಾಖೆಯದು, ಸಣ್ಣವು ಪಂಚಾಯ್ತಿಯವು. ಕೊಳಚೆ ನೋಡಬೇಕಾದ್ದು ಮಾಲಿನ್ಯ ನಿಯಂತ್ರಣ ಮಂಡಳಿ. ಹಕ್ಕಿ ಮಾತ್ರ ಅರಣ್ಯ ಇಲಾಖೆಯದು. ಮೀಸಲಿನ ಸಮಿತಿ ಇವರಲ್ಲಿ ಯಾರನ್ನೂ ಕೂರಿಸಿಕೊಂಡು ಲೆಕ್ಕ ಕೇಳೋ ಹಾಗಿಲ್ಲ. ಶಿಂಷೆ ತುಮಕೂರು ಕಡೆಯ ದೇವರಾಯನದುರ್ಗದಿಂದ ಹರಿದು ಬರೋ ನದಿ. ನಾಗಮಂಗಲ ಸೀಮೆಯ ವೀರವೈಷ್ಣವಿಯೂ ಅದನ್ನೇ ಸೇರುತ್ತೆ. ನಾವು ಇಲ್ಲಿ ಹಳ್ಳಕ್ಕೆ ಸುರಿದದ್ದು ಅಲ್ಲಿ ಹಕ್ಕಿಯ ಹೊಟ್ಟೆ ಸೇರಬಹುದು. ಕೊಕ್ಕರೆಬೆಳ್ಳೂರಿನ ಮೀಸಲಿಗೂ ನಮಗೂ ಸಂಬಂಧ ಇಲ್ಲ ಅಂತ ಅಂದ್ಕೊಳ್ಳೋದು ಸುಲಭ.

ಸರ್ಕಾರಕ್ಕೆ ಇಂಥವರನ್ನು ಹೊಗಳೋಕೆ ಬರುತ್ತೆ. ಇದೇ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಮೇಯಿಸ್ತಾ ಗುಡ್ಡದ ಮೇಲೆ ಕಟ್ಟೆಗಳನ್ನು ತೋಡಿದರು. 2020ರ ಜೂನ್‌ನಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಅವರ ಹೆಸರು ಹೇಳಿದಾಗ ಕಟ್ಟೆಗಳ ಲೆಕ್ಕ 16. ದೇಶವೆಲ್ಲ ಚಪ್ಪಾಳೆ. 2022ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಪ್ರಾಣಿಪಕ್ಷಿಗೆ ಗುಡ್ಡದಲ್ಲಿ ನೀರು ಸಿಗೋ ಹಾಗೆ ಮಾಡೋದು ಒಬ್ಬ ಕುರಿಗಾಹಿಯ ಪಾಲಿಗೆ ಯಾಕೆ ಬಂತು ಅನ್ನೋ ಪ್ರಶ್ನೆ ಆ ಚಪ್ಪಾಳೆಯಲ್ಲಿ ಕೇಳಿಸಲಿಲ್ಲ.

ಹಾಗಾದರೆ ಏನು ಮಾಡಬೇಕು? ನನ್ನ ಪ್ರಕಾರ ಸಮುದಾಯ ಮೀಸಲಿನ ಸಮಿತಿಗೆ, ಹಕ್ಕಿ ಉಣ್ಣುವ ಕೆರೆಗಳ ಮೇಲೂ ಮಾತಾಡೋ ಹಕ್ಕು ಬೇಕು. ಡಿಸೆಂಬರಿಂದ ಜೂನ್‌ವರೆಗೆ, ಅಂದರೆ ಗೂಡಿನ ಕಾಲದಲ್ಲಿ, ಆ ಕೆರೆಗಳಲ್ಲಿ ಎಷ್ಟು ನೀರು ಉಳಿಸಬೇಕು, ಮೀನು ಹಿಡಿಯೋದು ಯಾವಾಗ, ಚರಂಡಿ ಎಲ್ಲಿ ತಡೀಬೇಕು ಅಂತ ತೀರ್ಮಾನ ಆಗೋ ಸಭೆಯಲ್ಲಿ ಅವರಿಗೆ ಕುರ್ಚಿ ಇರಬೇಕು. ಮೀನು ಹಿಡಿದು ಬದುಕೋರ ಹೊಟ್ಟೆಪಾಡೂ ಅದೇ ಸಭೆಗೆ ಬರಬೇಕು. ಅವರನ್ನು ಹೊರಗಿಟ್ಟು ಹಕ್ಕಿ ಉಳಿಸೋಕಾಗಲ್ಲ. ಹುಣಸೆಯ ಪರಿಹಾರ ಆಯಾ ವರ್ಷದ ಮಾರುಕಟ್ಟೆ ದರಕ್ಕೆ ತಕ್ಕಂತೆ ಇರಬೇಕು.

ಇದಕ್ಕೆ ಹೊಸ ಕಾಯ್ದೆ ಬರೋವರೆಗೆ ಕಾಯಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಲೇಬೇಕು, ಊರಿನ ಗಿಡಮರ ಪ್ರಾಣಿಪಕ್ಷಿಗಳ ದಾಖಲೆ ಪುಸ್ತಕವೂ ಇರಬೇಕು. ಹಸಿರು ನ್ಯಾಯಾಧಿಕರಣ 2020ರ ಜನವರಿ 31ರ ಗಡುವು ಕೊಟ್ಟು, ತಪ್ಪಿದರೆ ತಿಂಗಳಿಗೆ 10 ಲಕ್ಷ ರೂಪಾಯಿ ಅಂದ ಮೇಲೆ ದೇಶದಾದ್ಯಂತ ಇವು ತರಾತುರಿಯಲ್ಲಿ ಹುಟ್ಟಿಕೊಂಡವು. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ? ಅದರಲ್ಲಿ ತಮ್ಮ ಹೆಸರಿದೆ ಅಂತ ಅವರಿಗೇ ಗೊತ್ತಿದೆಯಾ? ಪುಸ್ತಕದಲ್ಲಿ ಕೆರೆ ಇದೆಯಾ, ಕೆರೆಗೆ ಬರೋ ಹಳ್ಳ ಇದೆಯಾ? ಪಂಚಾಯ್ತಿಗೆ ಹೋಗಿ ಕೇಳಿ, ಕೊಡಲ್ಲ ಅಂದರೆ ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ. ಮುಂದಿನ ಗ್ರಾಮಸಭೆಯಲ್ಲಿ ಮೀನು ಗುತ್ತಿಗೆ ವಿಷಯ ಬಂದಾಗ ಆ ಪುಸ್ತಕ ಕೈಯಲ್ಲಿ ಹಿಡ್ಕೊಂಡು ಎದ್ದು ನಿಲ್ಲಿ.