ಪುಟದ ಪಕ್ಕವಾದ್ಯ

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನು ಸಂಪಾದಕ. ಈ ಪದವಿಯನ್ನು ನಾನಾಗಿ ಬಯಸಿ ಪಡೆದದ್ದಲ್ಲ, ಕನ್ನಡ ಎಂ.ಎ. ಮಾಡಿದವನಿಗೆ ಕಾಗುಣಿತ ತಿದ್ದಲು ಬಂದೇ ಬರುತ್ತದೆಂಬ ನಂಬಿಕೆಯಿಂದ ಹಿರಿಯರು ಹೊರಿಸಿದ ಹೊರೆ ಅದು. ಕಳೆದ ವರ್ಷದ ಸಂಚಿಕೆ ಅಚ್ಚಾಗಿ ಬಂದ ದಿನ, ಎರಡನೆಯ ಬಿ.ಎ. ತರಗತಿಯ ಹುಡುಗಿಯೊಬ್ಬಳು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು, "ಸಾರ್, ನನ್ನ ಪದ್ಯ ಬಂದಿಲ್ಲವಲ್ಲ" ಎಂದಳು.

"ಬಂದಿದೆಯಮ್ಮ, 42ನೆಯ ಪುಟ ನೋಡು" ಎಂದೆ.

"ನೋಡಿದೆ, ಸಾರ್" ಎಂದಳು.

ನಾನೂ ನೋಡಿದೆ. ಪುಟದ ತುಂಬ ಕಡುನೀಲಿಯ ಮೋಡಗಳು. ಮೋಡಗಳ ಒಡಲಲ್ಲಿ ಕಪ್ಪು ಅಕ್ಷರಗಳು. ಸಾಲುಗಳು ಗಾಳಿಗೆ ಸಿಕ್ಕ ಮಳೆಯಂತೆ ಓರೆಯಾಗಿ ಸುರಿಯುತ್ತಿದ್ದವು. ಕಿಟಕಿಯ ಬಳಿಗೆ ಒಯ್ದು, ಪುಸ್ತಕವನ್ನು ವಾಲಿಸಿ ಹಿಡಿದಾಗ ಮೂರು ಸಾಲು ಓದಲು ಬಂತು. ಪದ್ಯ ಆಕೆಯ ತೀರಿಹೋದ ಅಜ್ಜಿಯನ್ನು ಕುರಿತದ್ದು. ಊರಿನಲ್ಲಿರುವ ತಾತನಿಗೆ ಅದನ್ನು ಕೊಂಡೊಯ್ದು ತೋರಿಸಬೇಕೆಂದು ಹುಡುಗಿ ಎರಡು ತಿಂಗಳಿನಿಂದ ಕಾದಿದ್ದಳಂತೆ. ಅಚ್ಚಿಗೆ ಹೋಗುವ ಮುನ್ನ ಆ ಪುಟವನ್ನು ನೋಡಿ ಸಹಿ ಹಾಕಿದವನು ನಾನೇ. ಮೋಡಗಳು ಬಹಳ ಚೆನ್ನಾಗಿವೆಯೆಂದು ಆಗ ನನಗೂ ತೋರಿತ್ತು.

ಪುಟಗಳನ್ನು ಜೋಡಿಸಿದವನು ಅಂತಿಮ ವರ್ಷದ ವಿದ್ಯಾರ್ಥಿ. ಚಿತ್ರದಲ್ಲಿ ಒಳ್ಳೆಯ ಕೈ. ಕರೆದು ಕೇಳಿದೆ. ಅವನಿಗೆ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ. "ಅದು ಓದುವ ಪುಟವಲ್ಲ ಸಾರ್, ಅನುಭವಿಸುವ ಪುಟ. ನೀವು ಡೇವಿಡ್ ಕಾರ್ಸನ್‌ರ ಕೆಲಸ ನೋಡಿಲ್ಲವೆ?" ಎಂದು ನನ್ನನ್ನೇ ಕೇಳಿದ. ನೋಡಿಲ್ಲವೆಂದು ಒಪ್ಪಿಕೊಂಡೆ. ಮರುದಿನ ನನ್ನ ಮೇಜಿನ ಮೇಲೆ ಒಂದು ದೊಡ್ಡ ಗಂಟು ಬಂದು ಕುಳಿತಿತು: ಅವನ ಸೋದರಮಾವ ಬಹು ವರ್ಷಗಳಿಂದ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿಯೂ ಹೊರದೇಶಗಳಲ್ಲಿಯೂ ಕೂಡಿಹಾಕಿದ ಇಂಗ್ಲಿಷ್ ಸಂಗೀತ ಪತ್ರಿಕೆಗಳು, ಜೊತೆಗೆ ಅಂಥ ಪತ್ರಿಕೆಗಳ ಪುಟಗಳನ್ನು ಚಿತ್ರಸಹಿತ ವಿವರಿಸುವ ಎರಡು ಪುಸ್ತಕಗಳು. ಪಾಶ್ಚಾತ್ಯ ರಾಕ್ ಸಂಗೀತದ ಗಂಧವೂ ನನಗಿಲ್ಲ. ಆದ್ದರಿಂದಲೇ ಏನೋ, ನನ್ನ ಗಮನವೆಲ್ಲ ಹಾಡಿನ ಕಡೆಗೆ ಹರಿಯದೆ ಪುಟದ ಕಡೆಗೇ ಹರಿಯಿತು.

ಸಂಗೀತ ಪತ್ರಿಕೆಯ ಪಾಡನ್ನು ಯೋಚಿಸಿ ನೋಡಿ. ಅಡಿಗೆಯ ಪತ್ರಿಕೆ ಮಾವಿನಕಾಯಿ ಉಪ್ಪಿನಕಾಯಿಯ ಚಿತ್ರವನ್ನು ಅಚ್ಚುಹಾಕಿ ನಮ್ಮ ಬಾಯಲ್ಲಿ ನೀರೂರಿಸಬಲ್ಲದು; ಚಲನಚಿತ್ರದ ಪತ್ರಿಕೆಗೆ ನಟಿಯ ಮುಖವಿದೆ. ನಾದವನ್ನು ಅಚ್ಚುಹಾಕುವ ಯಂತ್ರ ಮಾತ್ರ ಯಾವ ಮುದ್ರಣಾಲಯದಲ್ಲಿಯೂ ಇಲ್ಲ. ಮೂಕವಾದ ಕಾಗದದ ಮೇಲೆ ಅಕ್ಷರ, ಗೆರೆ, ಬಣ್ಣ, ಚಿತ್ರ, ಖಾಲಿ ಜಾಗ ಇಷ್ಟನ್ನೇ ಹೂಡಿ ಹಾಡಿನ ಗುಣವನ್ನು ಕಣ್ಣಿಗೆ ಮುಟ್ಟಿಸಬೇಕು. ಇದು ಕಚೇರಿಯಲ್ಲಿ ಪಕ್ಕವಾದ್ಯದವನು ಮಾಡುವ ಕೆಲಸಕ್ಕೆ ಬಹಳ ಸಮೀಪವಾದದ್ದೆಂದು ನನಗೆ ತೋರಿತು. ಗಾಯಕ ವಿಳಂಬದಲ್ಲಿ ಒಂದು ಸಂಗತಿಯನ್ನು ಮೆಲ್ಲಗೆ ಎಳೆಯುವಾಗ ಮೃದಂಗದವನು ಕೈಯನ್ನು ಹಗುರಮಾಡುತ್ತಾನೆ, ಕೆಲವೊಮ್ಮೆ ಎತ್ತಿಯೇ ಬಿಡುತ್ತಾನೆ. ಅವನ ವಿದ್ಯೆಯಲ್ಲಿ ಅರ್ಧ ಆ ಎತ್ತಿದ ಕೈಯಲ್ಲಿದೆ.

ಮೊದಲು ಕಣ್ಣಿಗೆ ಬಿದ್ದದ್ದು ತೀರ ಸಾದಾ ಸಂಗತಿ. 1952ರಲ್ಲಿ ಲಂಡನ್ನಿನಲ್ಲಿ ಆರಂಭವಾದ 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಎಂಬ ವಾರಪತ್ರಿಕೆ, ಅದೇ ವರ್ಷದ ನವೆಂಬರ್ 14ರ ಸಂಚಿಕೆಯಲ್ಲಿ ಒಂದು ಪಟ್ಟಿಯನ್ನು ಅಚ್ಚುಹಾಕಿತು. ಪತ್ರಿಕೆಯ ಪರ್ಸಿ ಡಿಕಿನ್ಸ್ ಎಂಬವರು ಸುಮಾರು ಇಪ್ಪತ್ತು ಅಂಗಡಿಗಳಿಗೆ ದೂರವಾಣಿ ಮಾಡಿ, ಯಾವ ಗಾನಮುದ್ರಿಕೆ ಹೆಚ್ಚು ಮಾರಾಟವಾಯಿತೆಂದು ಕೇಳಿ ತಯಾರಿಸಿದ ಪಟ್ಟಿ ಅದು. ಬ್ರಿಟನ್ನಿನಲ್ಲಿ ಗಾನಮುದ್ರಿಕೆಗಳ ಮಾರಾಟದ ಲೆಕ್ಕದಿಂದ ಹಾಡುಗಳಿಗೆ ಸ್ಥಾನ ಕೊಟ್ಟ ಮೊದಲ ಪಟ್ಟಿ. ತುದಿಯಲ್ಲಿದ್ದವರು ಅಲ್ ಮಾರ್ಟಿನೊ ಎಂಬ ಅಮೆರಿಕದ ಗಾಯಕರು. ಒಂದರ ಕೆಳಗೊಂದು ಅಂಕಿ, ಅಂಕಿಯ ಮುಂದೊಂದು ಹೆಸರು, ಇಷ್ಟೆ. ಆದರೆ ಹಾಡುಗಳನ್ನು ಏಣಿಯ ಮೆಟ್ಟಿಲುಗಳಂತೆ ನಿಲ್ಲಿಸಿದ ಕ್ಷಣದಿಂದ, ಕೇಳುವವನು 'ಇದು ಹೇಗಿದೆ?' ಎನ್ನುವ ಮುನ್ನ 'ಇದು ಎಷ್ಟನೆಯದು?' ಎಂದು ಕೇಳಲು ಕಲಿತ. ಪುಟದ ಮೂಲೆಯ ಒಂದು ಜೋಡಣೆ ಒಂದು ದೇಶದ ಕಿವಿಯನ್ನು ತಿರುಗಿಸಬಲ್ಲದು. ತರಗತಿಯಲ್ಲಿ ಅಂಕಪಟ್ಟಿ ಓದುವ ನನ್ನಂಥವನಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಮುಖಪುಟದ ಗುಟ್ಟುಗಳನ್ನು ಶಿಷ್ಯನೇ ತೋರಿಸಿಕೊಟ್ಟ. ಅಂಗಡಿಯ ಹಲಗೆಯ ಮೇಲೆ ಪತ್ರಿಕೆಗಳನ್ನು ಒಂದರ ಮೇಲೊಂದು ಜರುಗಿಸಿ ನಿಲ್ಲಿಸಿದಾಗ ಎಡಗಡೆಯ ಅಂಚಷ್ಟೇ ಕಾಣುತ್ತದೆ. ಆದ್ದರಿಂದ ಮುಖ್ಯವಾದ ಮಾತುಗಳೆಲ್ಲ ಎಡಕ್ಕೇ ಬಂದು ಕೂರುತ್ತವೆ. 1986ರಲ್ಲಿ ಹುಟ್ಟಿದ 'ಕ್ಯೂ' ಎಂಬ ಮಾಸಿಕ ಎಡಮೂಲೆಯಲ್ಲಿ ಒಂದು ಕೆಂಪು ಚೌಕ, ಅದರಲ್ಲೊಂದು ಬಿಳಿಯ ಅಕ್ಷರ ಇಷ್ಟನ್ನೇ ತನ್ನ ಹಣೆಯ ಬೊಟ್ಟಾಗಿ ಮಾಡಿಕೊಂಡಿತು. ಹೆಸರುವಾಸಿಯಾದ ಪತ್ರಿಕೆಗಳಲ್ಲಿ ಗಾಯಕನ ತಲೆ ಪತ್ರಿಕೆಯ ಹೆಸರಿನ ಎರಡು ಮೂರು ಅಕ್ಷರಗಳನ್ನು ನುಂಗಿರುವುದುಂಟು. ಅರ್ಧ ಮುಚ್ಚಿದರೂ ನಮ್ಮನ್ನು ಗುರುತಿಸುತ್ತೀರಿ ಎಂಬ ಧೈರ್ಯ ಅದು. ಹೊಸ ಪತ್ರಿಕೆ ಆ ಧೈರ್ಯಕ್ಕೆ ಹೋದರೆ ಕೆಟ್ಟಿತು.

1981ರಲ್ಲಿ ಹೊರಟ 'ಕೆರ‍್ಯಾಂಗ್' ಎಂಬ ಪತ್ರಿಕೆಯ ಹೆಸರನ್ನು ಕಂಡು ವ್ಯಾಕರಣದ ಮೇಷ್ಟರಾದ ನನಗೆ ವಿಶೇಷ ಸಂತೋಷವಾಯಿತು. ವಿದ್ಯುತ್ ಗಿಟಾರಿನ ತಂತಿಗಳನ್ನು ಒಟ್ಟಿಗೆ ಬಲವಾಗಿ ಮೀಟಿದಾಗ ಹೊರಡುವ ಸದ್ದೇ ಅದರ ಹೆಸರು. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಅನುಕರಣಾವ್ಯಯವೆನ್ನುತ್ತಾರೆ. ದಬದಬ, ಧೊಪ್ಪನೆ, ಚಟಚಟ ಇವೆಲ್ಲ ಅದೇ ಬಳಗ. ಆ ಹೆಸರಿನ ಅಕ್ಷರಗಳನ್ನು ಕಲ್ಲುಬಿದ್ದ ಗಾಜಿನಂತೆ ಬಿರುಕು ಬಿಡಿಸಿ ಬರೆದಿದ್ದಾರೆ. ಓದುವ ಮೊದಲೇ ಸದ್ದು ಕೇಳಿಸುತ್ತದೆ. ಗದ್ದಲದ ಸಂಗೀತಕ್ಕೆ ಗದ್ದಲದ ಅಕ್ಷರ; ಇಲ್ಲಿ ಪಕ್ಕವಾದ್ಯ ಗಾಯಕನೊಡನೆ ಸರಿಯಾಗಿಯೇ ಹೆಜ್ಜೆಹಾಕಿದೆ. 1978ರಿಂದ 2006ರವರೆಗೆ ನಡೆದ 'ಸ್ಮ್ಯಾಷ್ ಹಿಟ್ಸ್' ಹಾಡುಗಳ ಸಾಹಿತ್ಯವನ್ನೇ ಬಣ್ಣಬಣ್ಣದ ಪುಟಗಳಲ್ಲಿ ಅಚ್ಚುಹಾಕುತ್ತಿತ್ತು. ನಮ್ಮ ಟಾಕೀಸುಗಳ ಮುಂದೆ ಮಾರುತ್ತಿದ್ದ ಹಾಡಿನ ಪುಸ್ತಕಗಳ ಶ್ರೀಮಂತ ನೆಂಟರು ಎನ್ನೋಣ.

ಈ ಗಂಟಿನಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು 'ರೋಲಿಂಗ್ ಸ್ಟೋನ್'. ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಜಾನ್ ವೆನರ್ ಎಂಬ ತರುಣನೂ ರಾಲ್ಫ್ ಗ್ಲೀಸನ್ ಎಂಬ ಹಿರಿಯ ವಿಮರ್ಶಕರೂ ಸೇರಿ ಹೊರಡಿಸಿದ ಪತ್ರಿಕೆ. ಮೊದಲ ಸಂಚಿಕೆಯ ತಾರೀಖು 1967ರ ನವೆಂಬರ್ 9. ಹೆಸರಿನ ಅಕ್ಷರಗಳನ್ನು ಬರೆದವರು ಆ ಊರಿನ ಸಂಗೀತ ಕಚೇರಿಗಳ ಭಿತ್ತಿಪತ್ರಗಳಿಗೆ ಹೆಸರಾಗಿದ್ದ ರಿಕ್ ಗ್ರಿಫಿನ್. ಅವು ಬಳುಕುವ ಬಳ್ಳಿಯಂಥ ಅಕ್ಷರಗಳು. ಅದರ ಕೆಳಗಿನ ಪುಟವಾದರೋ ಮರ್ಯಾದಸ್ಥ ಗೃಹಸ್ಥನಂತಿತ್ತು: ನೆಟ್ಟನೆಯ ಅಂಕಣಗಳು, ಸುತ್ತ ದಪ್ಪಗೆರೆಯೊಂದು ಸಣ್ಣಗೆರೆಯೊಂದು ಜೊತೆಯಾಗಿ ಓಡುವ ಚೌಕಟ್ಟು. ಥೇಟ್ ನಮ್ಮ ಹಳೆಯ ಲಗ್ನಪತ್ರಿಕೆಯ ಅಂಚು! ಕೂದಲು ಬಿಟ್ಟ ಹುಡುಗರ ಗಲಾಟೆಯೆಂದು ಹಿರಿಯರು ತಳ್ಳಿಹಾಕಿದ್ದ ಸಂಗೀತವನ್ನು ಈ ಗಂಭೀರವಾದ ಚೌಕಟ್ಟಿನೊಳಗೆ ಕೂರಿಸಿದ್ದರಲ್ಲಿ ಒಂದು ಜಾಣತನವಿದೆ. ಇದನ್ನು ಕೂತು ಓದಬೇಕು, ಇದು ಹಗುರವಾದ ವಿಷಯವಲ್ಲ ಎಂದು ಆ ಗೆರೆಗಳೇ ಹೇಳಿಬಿಡುತ್ತವೆ.

ಅದೇ ಪತ್ರಿಕೆಯ 1981ರ ಜನವರಿ 22ರ ಸಂಚಿಕೆಯ ಮುಖಪುಟವನ್ನು ನಾನು ಪುಸ್ತಕವೊಂದರಲ್ಲಿ ನೋಡಿದೆ. ಅನಿ ಲೀಬೊವಿಟ್ಸ್ ಎಂಬ ಛಾಯಾಗ್ರಾಹಕಿ 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ತೆಗೆದ ಚಿತ್ರ ಅದು. ಗಾಯಕ ಜಾನ್ ಲೆನನ್, ಉಟ್ಟ ಬಟ್ಟೆಯಿಲ್ಲದೆ, ಹೆಂಡತಿ ಯೋಕೊ ಓನೊಳನ್ನು ತಬ್ಬಿ, ಮೊಣಕಾಲು ಮಡಿಸಿ ಮುದುಡಿ ಮಲಗಿದ್ದಾನೆ. ಆಕೆ ಕರಿಯ ಉಡುಪಿನಲ್ಲಿ, ಬೇರೆಲ್ಲೋ ನೋಡುತ್ತಿದ್ದಾಳೆ. ಚಿತ್ರ ತೆಗೆದ ಅದೇ ರಾತ್ರಿ ಮನೆಯ ಬಾಗಿಲಲ್ಲಿ ಲೆನನ್ ಗುಂಡಿಗೆ ಬಲಿಯಾದ. ಸಂಪಾದಕರ ಕೈಯಲ್ಲಿ ಆಗ ಎಂಥ ಸುದ್ದಿಯಿತ್ತು, ಎಷ್ಟು ದಪ್ಪ ಅಕ್ಷರಗಳಿಗೆ ಅವಕಾಶವಿತ್ತು, ಊಹಿಸಿಕೊಳ್ಳಿ. ಅವರು ಮುಖಪುಟದ ಮೇಲೆ ಒಂದೂ ತಲೆಬರಹ ಹಾಕಲಿಲ್ಲ. ಮೇಲೆ ಪತ್ರಿಕೆಯ ಹೆಸರು, ಕೆಳಗೆ ಆ ಇಬ್ಬರು. ಒಳಗೇನಿದೆಯೆಂದು ಕೂಗಿ ಹೇಳುವ ಮಾತೇ ಇಲ್ಲ. ಇದನ್ನೇ ನಾನು ಕೈಯೆತ್ತಿದ ಮೃದಂಗವೆಂದದ್ದು. 2005ರಲ್ಲಿ ಅಮೆರಿಕದ ಪತ್ರಿಕಾ ಸಂಪಾದಕರ ಸಂಘ ಹಿಂದಿನ ನಲವತ್ತು ವರ್ಷಗಳ ಮುಖಪುಟಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಟ್ಟಿತು. ನಗ್ನಚಿತ್ರವೆಂದು ನಮ್ಮ ಮನೆಗಳಲ್ಲಿ ಮುಖ ತಿರುಗಿಸುವವರಿರಬಹುದು. ನನಗೆ ಕಂಡದ್ದು ತಾಯಿಯನ್ನು ಬಿಡಲೊಲ್ಲದ ಮಗುವೊಂದೇ.

ಇನ್ನು ಶಿಷ್ಯನ ಆರಾಧ್ಯದೈವ. ಡೇವಿಡ್ ಕಾರ್ಸನ್ ಮೊದಲು ಸಮಾಜಶಾಸ್ತ್ರದ ಉಪಾಧ್ಯಾಯ, ಸಮುದ್ರದ ಅಲೆಗಳ ಮೇಲೆ ಹಲಗೆಯಾಡುವುದರಲ್ಲಿ ಪ್ರಸಿದ್ಧ. 1992ರಲ್ಲಿ ಅಮೆರಿಕದಲ್ಲಿ ಆರಂಭವಾದ 'ರೇ ಗನ್' ಎಂಬ ಸಂಗೀತ ಪತ್ರಿಕೆಗೆ ಆತ ಕಲಾನಿರ್ದೇಶಕರಾದರು. ಆ ಪುಟಗಳಲ್ಲಿ ಅಕ್ಷರಗಳು ಒಂದರ ಮೇಲೊಂದು ಏರುತ್ತವೆ, ಅಂಕಣಗಳು ಡಿಕ್ಕಿ ಹೊಡೆಯುತ್ತವೆ, ವಾಕ್ಯಗಳು ಅಂಚಿನಿಂದಾಚೆಗೆ ಜಾರಿಹೋಗುತ್ತವೆ. ಓದಲು ಬಂದ ಮಾತ್ರಕ್ಕೆ ವಿಷಯ ಮನಸ್ಸಿಗೆ ಮುಟ್ಟಿತೆಂದು ಭ್ರಮಿಸಬೇಡಿ ಎಂಬುದು ಅವರ ವಾದ. ಒಪ್ಪತಕ್ಕ ಮಾತೇ. ಅಂದಿನ ಯುವಕರ ಒರಟು ಸಂಗೀತಕ್ಕೆ ಆ ಒರಟು ಪುಟ ಒಪ್ಪುತ್ತಿತ್ತೆಂದೂ ಕಾಣುತ್ತದೆ. ಕೆಲವು ಪುಟಗಳನ್ನು ನೋಡುತ್ತ ನಾನೇ ಮೈಮರೆತಿದ್ದುಂಟು.

ಆದರೆ 1994ರಲ್ಲಿ ನಡೆದದ್ದನ್ನು ಕೇಳಿ. ಬ್ರಯನ್ ಫೆರ‍್ರಿ ಎಂಬ ಇಂಗ್ಲಿಷ್ ಗಾಯಕನೊಡನೆ ಮಾಡಿದ ಸಂದರ್ಶನವೊಂದು ಅಚ್ಚಿಗೆ ಬಂತು. ಕಾರ್ಸನ್ ಓದಿದರು, ನೀರಸವಾಗಿದೆಯೆಂದು ತೋರಿತು. ಅದನ್ನು ಹಿಂದಿರುಗಿಸಲಿಲ್ಲ, ಕತ್ತರಿಸಲಿಲ್ಲ. ಇಡೀ ಲೇಖನವನ್ನು 'ಝಾಫ್ ಡಿಂಗ್‌ಬ್ಯಾಟ್ಸ್' ಎಂಬ ಅಚ್ಚಿನ ಮೊಳೆಯಲ್ಲಿ ಜೋಡಿಸಿಬಿಟ್ಟರು. ಆ ಮೊಳೆಯಲ್ಲಿ ಅಕ್ಷರಗಳೇ ಇಲ್ಲ. ನಕ್ಷತ್ರ, ಕತ್ತರಿ, ಲಕೋಟೆ, ತೋರುಬೆರಳು ಮುಂತಾದ ಚಿಹ್ನೆಗಳು ಮಾತ್ರ. ಪ್ರಶ್ನೆಯೂ ನಕ್ಷತ್ರ, ಉತ್ತರವೂ ನಕ್ಷತ್ರ. ಓದಿದಾಗ ನಾನು ಗಟ್ಟಿಯಾಗಿ ನಕ್ಕೆ. ಪಕ್ಕದ ಕೋಣೆಯಿಂದ ಮನೆಯಾಕೆ ಏನೆಂದು ಕೇಳಿದಳು. ಹೇಳಿದೆ. ಅವಳು ನಗಲಿಲ್ಲ. "ಹಾಗಾದರೆ ಆ ಸಂದರ್ಶನ ಬರೆದವರು ಏನಂದರು?" ಎಂದಳು.

ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಲೇಖನ ನೀರಸವೆಂದು ತೀರ್ಮಾನಿಸುವ ಅಧಿಕಾರ ಓದುಗನದು. ಪಕ್ಕವಾದ್ಯದವನು ಗಾಯಕನ ಬಾಯಿಗೆ ಬಟ್ಟೆ ತುರುಕಿ, ನಾನೇ ಬಾರಿಸುತ್ತೇನೆ ಕೇಳಿ ಎನ್ನುವಂತಿಲ್ಲ. ಹೀಗೆ ಕೋಪಗೊಂಡು ಮತ್ತೆ ಪುಸ್ತಕ ತಿರುವುತ್ತಿರುವಾಗ, ಶಿಷ್ಯ ಹೇಳದೆ ಬಿಟ್ಟಿದ್ದ, ಬಹುಶಃ ಗಮನಿಸದೆಯೇ ಬಿಟ್ಟಿದ್ದ ಒಂದು ವಿವರ ಸಿಕ್ಕಿತು. ಅದೇ ಸಂಚಿಕೆಯ ಹಿಂಭಾಗದಲ್ಲಿ ಆ ಸಂದರ್ಶನ ಪೂರ್ತಿಯಾಗಿ, ಓದಲು ಬರುವ ಅಕ್ಷರಗಳಲ್ಲಿ ಅಚ್ಚಾಗಿತ್ತು! ಮುದ್ರಣದ ಕಟ್ಟಳೆಗಳನ್ನೆಲ್ಲ ಮುರಿದವನೆನಿಸಿಕೊಂಡವರ ಪುಟದ ಹಿಂದೆಯೂ ಒಂದು ಓದಬಲ್ಲ ಪ್ರತಿ ಇತ್ತು.

ನಮ್ಮ ವಾರ್ಷಿಕ ಸಂಚಿಕೆಗೆ ಅಂಥ ಹಿಂಪುಟ ಇರಲಿಲ್ಲ. ಬ್ರಯನ್ ಫೆರ‍್ರಿಗೆ ಮಾತನಾಡಲು ನೂರು ಪತ್ರಿಕೆಗಳಿದ್ದವು, ಎರಡನೆಯ ಬಿ.ಎ. ಹುಡುಗಿಗೆ ಇದ್ದದ್ದು ಆ ಒಂದೇ ಪುಟ.

ಗಂಟನ್ನು ಹಿಂದಿರುಗಿಸುವಾಗ ಆ ವಿವರವನ್ನು ಶಿಷ್ಯನಿಗೆ ತೋರಿಸಿದೆ. ಬಹಳ ಹೊತ್ತು ಪುಟವನ್ನೇ ನೋಡುತ್ತ ಕುಳಿತ. ಮರುವಾರ ಅವನೇ ಬಿಳಿಯ ಕಾಗದದ ಮೇಲೆ, ದಪ್ಪ ಅಕ್ಷರಗಳಲ್ಲಿ, ಸುತ್ತಲೂ ಧಾರಾಳವಾಗಿ ಜಾಗ ಬಿಟ್ಟು, ಪದ್ಯವನ್ನು ಬೇರೆಯಾಗಿ ಜೋಡಿಸಿ ತಂದ. ಮೋಡವಿಲ್ಲ, ಮಳೆಯಿಲ್ಲ. ಅಚ್ಚು ಮಾಡಿಸಿ, ಉಳಿದಿದ್ದ ಪ್ರತಿಗಳಲ್ಲೆಲ್ಲ 42ನೆಯ ಪುಟದ ಎದುರಿಗೆ ಆ ಹಾಳೆಯನ್ನು ಇಬ್ಬರೂ ಕೂತು ಅಂಟಿಸಿದೆವು. ಹಂಚಿಹೋಗಿದ್ದ ಪ್ರತಿಗಳ ಮಾತು ಹಾಗೆಯೇ ಉಳಿಯಿತು. ಹುಡುಗಿ ಎರಡು ಹಾಳೆಗಳನ್ನು ಹೆಚ್ಚಾಗಿ ಕೇಳಿ ಪಡೆದಳು; ಒಂದನ್ನು ತಾತ ಕನ್ನಡಕದ ಪೆಟ್ಟಿಗೆಯಲ್ಲಿ ಮಡಿಸಿ ಇಟ್ಟುಕೊಂಡಿದ್ದಾರಂತೆ.

ಈ ವರ್ಷದ ಸಂಚಿಕೆಯ ಕೆಲಸ ಆರಂಭವಾಗಿದೆ. ಅವನು ಪದವಿ ಮುಗಿಸಿದರೂ ಪುಟ ಜೋಡಿಸಲು ತಾನಾಗಿ ಬಂದಿದ್ದಾನೆ. "ಲೇಖನಗಳನ್ನೆಲ್ಲ ಮೊದಲು ಓದಲು ಕೊಡಿ ಸಾರ್, ಆಮೇಲೆ ಚಿತ್ರ" ಎಂದ. ಕೊಟ್ಟೆ. ಹದಿನೈದು ದಿನಗಳಾದವು, ಇನ್ನೂ ಓದುತ್ತಿದ್ದಾನೆ. ಮುದ್ರಣಾಲಯದವರು ದಿನಕ್ಕೆರಡು ಬಾರಿ ನನಗೆ ದೂರವಾಣಿ ಮಾಡುತ್ತಿದ್ದಾರೆ.