‘ನನ್ನ ಲ್ಯಾಪ್‌ಟಾಪ್‌ನಲ್ಲಿ ರನ್ ಆಗ್ತಿತ್ತು’ ಅಂದರೆ ಸಾಲದು

‘ನನ್ನ ಲ್ಯಾಪ್‌ಟಾಪ್‌ನಲ್ಲಿ ರನ್ ಆಗ್ತಿತ್ತು ಸರ್...’ ಪ್ರಾಜೆಕ್ಟ್ ವೈವಾ ದಿನ ಎಂಜಿನಿಯರಿಂಗ್ ಲ್ಯಾಬ್‌ಗಳಲ್ಲಿ ಈ ಮಾತು ಕೇಳಿಬರದಿದ್ದರೆ ಅದೇ ವಿಶೇಷ. ಎಷ್ಟೋ ಸಲ ಪ್ರೋಗ್ರಾಂನಲ್ಲಿ ತಪ್ಪಿರುವುದಿಲ್ಲ. ಲ್ಯಾಬಿನ ಕಂಪ್ಯೂಟರಿನಲ್ಲಿ ಕಂಪೈಲರ್‌ನ ವರ್ಷನ್ ಬೇರೆ ಇರುತ್ತದೆ, ಅಷ್ಟೆ. ಬೇಕಾದದ್ದನ್ನು ಹಾಕಿಕೊಳ್ಳೋಣವೆಂದರೆ ಅಡ್ಮಿನ್ ಪಾಸ್‌ವರ್ಡ್ ನಮ್ಮ ಬಳಿ ಇರುವುದಿಲ್ಲ.

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ಬಂದು ಓದುವ ನಮ್ಮಂಥವರಿಗೆ ಇದು ಸಣ್ಣ ವಿಷಯವಲ್ಲ. ನಮ್ಮಲ್ಲಿ ಅನೇಕರದ್ದು ಹಳೇ ಲ್ಯಾಪ್‌ಟಾಪ್. ದಿನದ ಡೇಟಾ ಮುಗಿದರೆ ಡೌನ್‌ಲೋಡ್ ನಾಳೆಗೆ. ಹಾಗಾಗಿ ಪ್ರತ್ಯೇಕ ಎನ್ವಿರಾನ್‌ಮೆಂಟ್‌ನಲ್ಲಿ, ಒಂದೇ ಸ್ಕ್ರಿಪ್ಟ್‌ನಿಂದ ಸಾಫ್ಟ್‌ವೇರ್ ಬಿಲ್ಡ್ ಮಾಡುವುದನ್ನು ನಾವು ಕಲಿಯಲೇಬೇಕು.

1987ರಲ್ಲಿ ಮೊದಲು ಬಿಡುಗಡೆಯಾದ ಜಿಸಿಸಿ ಕಂಪೈಲರನ್ನೇ ನೋಡಿ. ಅದರ ಸೋರ್ಸ್ ಕೋಡ್ ಎಲ್ಲರಿಗೂ ಮುಕ್ತ. ಬಿಲ್ಡ್ ಮಾಡಲು ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಎಂಬ ಮೂರು ಲೈಬ್ರರಿಗಳು, ಮೇಕ್ ಮತ್ತು ಮೊದಲೇ ಇರುವ ಒಂದು ಕಂಪೈಲರ್ ಬೇಕು. ಇವನ್ನೆಲ್ಲ ಕೊಂಡಾದಂಥ ಪ್ಯಾಕೇಜ್ ಮ್ಯಾನೇಜರ್ ಬಳಸಿ, ಅಡ್ಮಿನ್ ಅನುಮತಿಯಿಲ್ಲದೆ, ನಮ್ಮದೇ ಫೋಲ್ಡರಿನಲ್ಲಿ ಹಾಕಿಕೊಳ್ಳಬಹುದು. ಯಾವ ವರ್ಷನ್, ಎಲ್ಲಿ ಇನ್‌ಸ್ಟಾಲ್ ಆಗಬೇಕು, ಯಾವ ಭಾಷೆಗಳು ಬೇಕು ಎಂಬುದೆಲ್ಲ ಸ್ಕ್ರಿಪ್ಟ್‌ನಲ್ಲಿರಲಿ. ತಪ್ಪು ಕಂಡಲ್ಲೇ ನಿಲ್ಲುವಂತೆ ಮೊದಲ ಸಾಲಿನಲ್ಲೇ ಹೇಳಿಬಿಡಿ. ಹಳೆಯ ಕಂಪೈಲರ್ ಹೊಸದನ್ನು ಕಟ್ಟುತ್ತದೆ. ಹೊಸದು ತನ್ನನ್ನೇ ಇನ್ನೆರಡು ಸುತ್ತು ಕಟ್ಟಿಕೊಳ್ಳುತ್ತದೆ. ಕೊನೆಯ ಎರಡು ಸುತ್ತುಗಳ ಫಲಿತಾಂಶ ತಾಳೆಯಾಗಬೇಕು. ಹಳೇ ಲ್ಯಾಪ್‌ಟಾಪ್‌ನಲ್ಲಿ ಇದಕ್ಕೆ ಗಂಟೆಗಟ್ಟಲೆ ಬೇಕು. ರಾತ್ರಿ ಹಚ್ಚಿಟ್ಟು ಮಲಗಬಹುದು. ಸಿಸ್ಟಂನ ಹೆಡರ್ ಫೈಲ್ ಯಾವುದು, ಎನ್ವಿರಾನ್‌ಮೆಂಟಿನದು ಯಾವುದು ಎಂಬ ಗೊಂದಲ ಎದುರಾಗುವುದುಂಟು. ಅದನ್ನು ಬಿಡಿಸಿದ ಬಗೆಯನ್ನೂ ಸ್ಕ್ರಿಪ್ಟ್‌ಗೆ ಸೇರಿಸಿದರೆ ಮುಂದಿನವರು ಮತ್ತೆ ಅಲ್ಲಿ ಸಿಕ್ಕಿಕೊಳ್ಳುವುದಿಲ್ಲ.

‘ರೆಡಿಮೇಡ್ ಕಂಪೈಲರ್ ಇರುವಾಗ ಇಷ್ಟೆಲ್ಲ ಯಾಕೆ?’ ಎನ್ನುವ ಗೆಳೆಯರಿದ್ದಾರೆ. ದಿನದ ಕೆಲಸಕ್ಕೆ ರೆಡಿಮೇಡೇ ಸಾಕು, ಒಪ್ಪುತ್ತೇನೆ. ಆದರೆ ಇಷ್ಟು ದೊಡ್ಡದನ್ನು ಒಮ್ಮೆ ಬಿಲ್ಡ್ ಮಾಡಿದವರಿಗೆ ಸ್ವಂತ ಪ್ರಾಜೆಕ್ಟ್ ಬೇರೆ ಯಂತ್ರದಲ್ಲಿ ಕೈಕೊಟ್ಟರೆ ಕಾರಣ ಹುಡುಕುವುದು ಗೊತ್ತಿರುತ್ತದೆ. ಒಮ್ಮೆ ಇಳಿಸಿದ ಪ್ಯಾಕೇಜ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಒಯ್ದರೆ, ಅದೇ ಆಪರೇಟಿಂಗ್ ಸಿಸ್ಟಂ ಇರುವ ಹನೂರಿನ ಗೆಳೆಯ ನೆಟ್ ಇಲ್ಲದೆಯೂ ಹಾಕಿಕೊಳ್ಳಬಹುದು.

ರೇಷ್ಮೆ ಸೀರೆಗೆ ಹೆಸರಾದ ಕೊಳ್ಳೇಗಾಲದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಜಕಾರ್ಡ್ ಮಗ್ಗದಲ್ಲಿ ಸೀರೆಯ ಡಿಸೈನ್ ನೇಕಾರರ ನೆನಪನ್ನು ನಂಬಿಕೊಂಡಿರುವುದಿಲ್ಲ. ತೂತು ಹೊಡೆದ ಕಾರ್ಡುಗಳಲ್ಲಿರುತ್ತದೆ. ಮಗ್ಗಕ್ಕೆ ಯಾರೇ ಕುಳಿತರೂ ಅದೇ ಅಂಚು ಬರುತ್ತದೆ.

ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿದ ಔಟ್‌ಪುಟ್‌ಗೆ ಕೊಡುವ ಅಂಕಗಳಲ್ಲಿ ಒಂದಿಷ್ಟನ್ನು ಇದಕ್ಕೆ ಮೀಸಲಿಡಲಿ: ಲ್ಯಾಬಿನ ಯಾವುದೇ ಕಂಪ್ಯೂಟರಿನಲ್ಲಿ, ಹೊಸ ಎನ್ವಿರಾನ್‌ಮೆಂಟಿನಲ್ಲಿ, ಒಂದೇ ಕಮಾಂಡ್‌ಗೆ ಪ್ರಾಜೆಕ್ಟ್ ಬಿಲ್ಡ್ ಆಗಬೇಕು. ಕೆಲಸ ಹುಡುಕುತ್ತಿರುವವರು ರೆಸ್ಯೂಮೆಯಲ್ಲಿ ಸರ್ಟಿಫಿಕೇಟುಗಳ ಪಟ್ಟಿಯ ಜೊತೆ ಇಂಥದ್ದೊಂದು ಸ್ಕ್ರಿಪ್ಟನ್ನೂ ಇಡಲಿ. ಸಂದರ್ಶನ ಮಾಡುವವರು ಅದನ್ನು ತಮ್ಮೆದುರೇ ಓಡಿಸಿ ನೋಡಬಹುದು.