ಒಂದೇ ಜೋಳ, ಹಲವು ಗಿರಣಿ

ಜೋಳದ ಚೀಲ ಒಂದೇ. ಅದನ್ನು ಬೈಲಹೊಂಗಲದ ಗಿರಣಿಗೆ ಒಯ್ದರೂ ಕಿತ್ತೂರಿನ ಗಿರಣಿಗೆ ಒಯ್ದರೂ ಬರುವುದು ಜೋಳದ ಹಿಟ್ಟೇ. ಆದರೂ ಮನೆಯ ಹಿರಿಯಳು ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, 'ಇದು ಸಣ್ಣಗ ಬಂದೈತಿ' ಎಂದೋ 'ಇದು ತರಿ ಆಗೈತಿ' ಎಂದೋ ಹೇಳಿಬಿಡುತ್ತಾಳೆ. ಕಲ್ಲು ಎಷ್ಟು ಬಿಗಿಯಾಗಿತ್ತು, ಹಿಂದೆ ಬೀಸಿದವರ ಗೋಧಿ ಕಲ್ಲಿನ ಸಂದಿಯಲ್ಲಿ ಉಳಿದಿತ್ತೇ, ಎಲ್ಲವೂ ಹಿಟ್ಟಿನಲ್ಲಿ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಅಂತರಜಾಲವನ್ನು ತೆರೆದು ತೋರಿಸುವ ಬ್ರೌಸರ್ ಎಂಬ ತಂತ್ರಾಂಶದ ಕಥೆಯೂ ಹೀಗೆಯೇ.

ಸವದತ್ತಿಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗಳಿಗಾಗಿ ತಂದೆ ಹಳೆಯ ಕಂಪ್ಯೂಟರೊಂದನ್ನು ಕೊಂಡು ತಂದಿದ್ದಾನೆ. ಅದರಲ್ಲಿರುವುದು ವಿಂಡೋಸ್ 7, ನೆನಪಿನ ಶಕ್ತಿ 2 ಜಿಬಿ ಮಾತ್ರ. ಇಂದಿನ ಬ್ರೌಸರ್ ಹಾಕಿದರೆ ಯಂತ್ರ ಏದುಸಿರು ಬಿಡುತ್ತದೆ. ಹುಡುಗಿ ಎಲ್ಲಿಂದಲೋ ಬೇರೊಂದು ಬ್ರೌಸರ್ ಹುಡುಕಿ ತಂದಳು. 'ಅಪ್ಪಾ, ಇದು ಭಾಳ ಹಗುರ ಐತಿ, ಲಗೂನ ತೆರಕೋತೈತಿ' ಎಂದಳು. ಶಿಷ್ಯವೇತನದ ಅರ್ಜಿಗೆ ಬ್ಯಾಂಕಿನ ಪುಸ್ತಕ ಹಿಡಿದು ಕುಳಿತಿದ್ದ ತಂದೆ ಕೇಳಿದ: 'ಇದನ್ನ ಯಾರು ಮಾಡ್ಯಾರವಾ?'

ಆ ಪ್ರಶ್ನೆಗೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1998ರ ಮಾರ್ಚ್ 31ರಂದು ನೆಟ್‌ಸ್ಕೇಪ್ ಎಂಬ ಅಮೆರಿಕದ ಕಂಪನಿ ತನ್ನ ಬ್ರೌಸರಿನ ಮೂಲ ಬರವಣಿಗೆಯನ್ನು, ಅಂದರೆ ಸೋರ್ಸ್ ಕೋಡನ್ನು, ಜಗತ್ತಿನ ಎದುರು ತೆರೆದಿಟ್ಟಿತು. ಮೊಜಿಲ್ಲಾ ಎಂಬ ಹೆಸರಿನ ಆ ಯೋಜನೆಯಿಂದಲೇ 2004ರ ನವೆಂಬರ್ 9ರಂದು ಫೈರ್‌ಫಾಕ್ಸ್‌ನ ಮೊದಲ ಪೂರ್ಣ ಆವೃತ್ತಿ ಹೊರಬಂತು. ಮೂಲ ಬರವಣಿಗೆ ಮನುಷ್ಯರು ಓದಬಲ್ಲ ಸಾಲುಗಳು. ಯಂತ್ರಕ್ಕೆ ಅದು ತಿಳಿಯದು. ಕಂಪೈಲರ್ ಎಂಬ ಇನ್ನೊಂದು ತಂತ್ರಾಂಶ ಅದನ್ನು ಯಂತ್ರದ ಭಾಷೆಗೆ ಬೀಸಿ ಕೊಡಬೇಕು. ಹೀಗೆ ಬೀಸಿ ಬಂದ ಹಿಟ್ಟಿಗೆ 'ಬಿಲ್ಡ್' ಎನ್ನುತ್ತಾರೆ. ಮೊಜಿಲ್ಲಾದವರು ಬೀಸಿದ್ದು ಅಧಿಕೃತ ಬಿಲ್ಡ್. ಆದರೆ ಜೋಳ ಎಲ್ಲರ ಮುಂದೆಯೂ ಇದೆ. ಬೇಕಾದವರು ತಮ್ಮ ಗಿರಣಿಯಲ್ಲಿ, ತಮಗೆ ಬೇಕಾದಂತೆ ಬೀಸಿಕೊಳ್ಳಬಹುದು. ಪರವಾನಗಿ ಅದಕ್ಕೆ ಅವಕಾಶ ಕೊಟ್ಟಿದೆ.

ಹೆಸರಿಗೆ ಮಾತ್ರ ಆ ಅವಕಾಶ ಇಲ್ಲ. 'ಫೈರ್‌ಫಾಕ್ಸ್' ಎಂಬ ಹೆಸರು, ನರಿಯ ಚಿತ್ರ ಇವು ಮೊಜಿಲ್ಲಾದ ವ್ಯಾಪಾರ ಚಿಹ್ನೆಗಳು. ಡೆಬಿಯನ್ ಎಂಬ ಲಿನಕ್ಸ್ ಬಳಗ ತಾನು ತಿದ್ದಿ ಬೀಸಿದ ಬ್ರೌಸರಿಗೆ ಅದೇ ಹೆಸರಿಟ್ಟಾಗ 2006ರಲ್ಲಿ ತಕರಾರು ಬಂತು. ಅವರು 'ಐಸ್‌ವೀಸಲ್' ಎಂದು ಹೆಸರು ಬದಲಿಸಿದರು. ಬೆಂಕಿಗೆ ಎದುರಾಗಿ ಮಂಜುಗಡ್ಡೆ, ನರಿಗೆ ಎದುರಾಗಿ ಇನ್ನೊಂದು ಪ್ರಾಣಿ! ಹತ್ತು ವರ್ಷಗಳ ಬಳಿಕ, 2016ರಲ್ಲಿ, ರಾಜಿಯಾಗಿ ಹಳೆಯ ಹೆಸರೇ ಮರಳಿತು.

ಬೇರೆ ಗಿರಣಿಯವರು ಏನನ್ನು ಬದಲಿಸುತ್ತಾರೆ? ಇಂಗ್ಲೆಂಡಿನ ಅಲೆಕ್ಸ್ ಕೊಂಟೋಸ್ ಎಂಬ ಹುಡುಗನ ಉದಾಹರಣೆ ವಿದ್ಯಾರ್ಥಿಗಳಿಗೆ ಹಿಡಿಸೀತು. 2011ರಲ್ಲಿ ಆತನಿಗೆ ಹದಿನಾರು ವರ್ಷ. ವಿಂಡೋಸ್‌ಗೆ ಆಗ ಅಧಿಕೃತವಾಗಿ ಸಿಗುತ್ತಿದ್ದುದು 32 ಬಿಟ್‌ನ ಫೈರ್‌ಫಾಕ್ಸ್ ಮಾತ್ರ. ಆತ ಅದೇ ಬರವಣಿಗೆಯನ್ನು 64 ಬಿಟ್‌ಗೆ ಬೀಸಿ 'ವಾಟರ್‌ಫಾಕ್ಸ್' ಎಂದು ಹಂಚಿದ. ಮೊಜಿಲ್ಲಾದವರ 64 ಬಿಟ್ ಆವೃತ್ತಿ ವಿಂಡೋಸ್‌ಗೆ ಬಂದದ್ದು 2015ರ ಡಿಸೆಂಬರಿನಲ್ಲಿ. ನಾಲ್ಕು ವರ್ಷಕ್ಕೂ ಮೊದಲೇ ಒಬ್ಬ ಶಾಲಾ ಹುಡುಗ ಆ ಕೆಲಸ ಮಾಡಿದ್ದ.

ಇದರ ಲಾಭ ಏನೆಂದು ಲೆಕ್ಕ ಹಾಕಬಹುದು. 32 ಬಿಟ್ ಎಂದರೆ ನೆನಪಿನ ಕೋಣೆಯ ವಿಳಾಸಕ್ಕೆ 32 ಸ್ಥಾನಗಳು, ಪ್ರತಿ ಸ್ಥಾನದಲ್ಲಿ ಸೊನ್ನೆ ಅಥವಾ ಒಂದು. ಎರಡನ್ನು 32 ಸಲ ಗುಣಿಸಿದರೆ 429 ಕೋಟಿ 49 ಲಕ್ಷ 67 ಸಾವಿರದ 296. ಅಷ್ಟು ಬೈಟ್, ಅಂದರೆ 4 ಜಿಬಿ, ಮೀರಿದ ಕೋಣೆಗೆ ವಿಳಾಸವೇ ಇಲ್ಲ. 64 ಬಿಟ್‌ಗೆ ಆ ಗಡಿ ಇಲ್ಲ. ಆದರೆ ಸವದತ್ತಿಯ ಮನೆಯ ಯಂತ್ರದಲ್ಲಿರುವುದೇ 2 ಜಿಬಿ. ಅಲ್ಲಿ ಈ ಲಾಭ ಸಿಗದು. ವಿಳಾಸಗಳೇ ಇಮ್ಮಡಿ ಉದ್ದವಾಗುವುದರಿಂದ 64 ಬಿಟ್‌ನ ಬ್ರೌಸರ್ ಇನ್ನಷ್ಟು ಜಾಗ ನುಂಗುತ್ತದೆ. 'ಹೊಸದು, ಆದ್ದರಿಂದ ಚುರುಕು' ಎಂಬ ಮಾತು ಎಲ್ಲ ಯಂತ್ರಕ್ಕೂ ಹೊಂದುವುದಿಲ್ಲ.

2009ರಲ್ಲಿ ಆರಂಭವಾದ 'ಪೇಲ್ ಮೂನ್' ಬೇರೆ ದಾರಿ ಹಿಡಿಯಿತು. ಮಾರ್ಕ್ ಸ್ಟ್ರಾವರ್ ಎಂಬವರು ಇದನ್ನು ಹೊಸ ಬಗೆಯ ಪ್ರೊಸೆಸರಿಗೆಂದೇ ಬೀಸಿದರು. ತೀರ ಹಳೆಯ ಪ್ರೊಸೆಸರುಗಳನ್ನು ಕೈಬಿಟ್ಟರು. ಜೊತೆಗೆ ಕೆಲವು ಭಾಗಗಳನ್ನೂ ತೆಗೆದರು. ತೆಗೆದದ್ದು ಏನು ಎಂಬುದನ್ನು ಪಾಲಕರು ಗಮನಿಸಬೇಕು: ಅಂಧರಿಗೆ ಪರದೆಯನ್ನು ಓದಿ ಹೇಳುವ ಸಾಧನಗಳಿಗೆ ಬೇಕಾದ ಸೌಲಭ್ಯ, ಮತ್ತು ವಿಂಡೋಸ್‌ನ ಪಾಲಕರ ನಿಯಂತ್ರಣಕ್ಕೆ ಸ್ಪಂದಿಸುವ ಸೌಲಭ್ಯ. ಬೇಡದವರಿಗೆ ಅದು ಹೊರೆ. ದೃಷ್ಟಿ ಇಲ್ಲದ ವಿದ್ಯಾರ್ಥಿಗೆ ಅದೇ ಕಣ್ಣು. 'ಹಗುರ' ಎಂದು ಹೇಳುವವರು ಏನನ್ನು ಇಳಿಸಿ ಹಗುರ ಮಾಡಿದರು ಎಂದು ಕೇಳುವುದು ಒಳ್ಳೆಯದು.

ಕನ್ನಡಿಗರಿಗೆ ಇದರಲ್ಲಿ ತೀರ ಹತ್ತಿರದ ಕಥೆ ಒಂದಿದೆ. ಕಂಪ್ಯೂಟರಿಗೆ ಅಕ್ಷರಗಳೆಂದರೆ ಸಂಖ್ಯೆಗಳು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನ ಮೀಸಲು. 'ಕಿತ್ತೂರು' ಎಂದು ಬರೆದರೆ ಕಣ್ಣಿಗೆ ಕಾಣುವುದು ಮೂರು ಅಕ್ಷರ. ಯಂತ್ರದೊಳಗೆ ಎಂಟು ಸಂಖ್ಯೆ: 3221, 3263, 3236, 3277, 3236, 3266, 3248, 3265. ಮೊದಲನೆಯದು ಕಕಾರ, ಎರಡನೆಯದು ಗುಡಿಸು, ಮೂರನೆಯದು ತಕಾರ. ನಾಲ್ಕನೆಯದಾದ 3277 ಹಲಂತ. 'ಮುಂದಿನ ವ್ಯಂಜನವನ್ನು ಒತ್ತಾಗಿ ಕೆಳಗೆ ಇಳಿಸು' ಎಂಬುದು ಅದರ ಸೂಚನೆ. ಈ ಸೂಚನೆ ಓದಿ ಅಕ್ಷರ ಜೋಡಿಸಲು ಬೇರೆಯೇ ಒಂದು ತಂತ್ರಾಂಶ ಬೇಕು. ಲಿನಕ್ಸ್‌ನಲ್ಲಿ ಆ ಕೆಲಸ ಮಾಡುತ್ತಿದ್ದುದು 'ಪ್ಯಾಂಗೋ'.

ಫೈರ್‌ಫಾಕ್ಸ್ 1.5 ಮತ್ತು 2ರ ಕಾಲದಲ್ಲಿ ಮೊಜಿಲ್ಲಾದವರು ಲಿನಕ್ಸ್‌ಗೆ ಕೊಡುತ್ತಿದ್ದ ಅಧಿಕೃತ ಬಿಲ್ಡ್‌ನಲ್ಲಿ ಪ್ಯಾಂಗೋ ಇರಲಿಲ್ಲ. ಇಂಗ್ಲಿಷಿಗೆ ಅದರ ಅಗತ್ಯವೂ ಇರಲಿಲ್ಲ. ಅಲ್ಲಿ 'ಸವದತ್ತಿ' ತೆರೆದರೆ 'ಸವದತ್‌ತಿ' ಎಂಬಂತೆ ಮುರಿದು ಕಾಣುವುದು. 'ರಾಮದುರ್ಗ'ದ ಅರ್ಕಾವೊತ್ತು ತನ್ನ ಜಾಗ ಬಿಟ್ಟು 'ರಾಮದುರ್‌ಗ' ಆಗುವುದು. ಆದರೆ ಫೆಡೋರಾದಂಥ ಲಿನಕ್ಸ್ ಬಳಗಗಳು ತಾವೇ ಬೀಸಿದ ಫೈರ್‌ಫಾಕ್ಸ್‌ನಲ್ಲಿ ಪ್ಯಾಂಗೋವನ್ನು ಸೇರಿಸಿದ್ದವು. ಅವುಗಳಲ್ಲಿ ಕನ್ನಡ ನೆಟ್ಟಗೆ ಕಾಣುತ್ತಿತ್ತು. ಪ್ಯಾಂಗೋದಿಂದ ಬ್ರೌಸರ್ ನಿಧಾನವಾಗುತ್ತದೆಂದು ಅದನ್ನು ಆರಿಸಿಡುವ ಉಪಾಯವನ್ನು ಇಂಗ್ಲಿಷ್ ಮಾತ್ರ ಓದುವವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು! ಒಬ್ಬರಿಗೆ ತೂಕ ಎನಿಸಿದ್ದು ಇನ್ನೊಬ್ಬರಿಗೆ ಲಿಪಿಯೇ ಆಗಿತ್ತು. 2008ರ ಜೂನ್‌ನಲ್ಲಿ ಬಂದ 3ನೇ ಆವೃತ್ತಿಯಿಂದ ಅಧಿಕೃತ ಬಿಲ್ಡ್‌ನಲ್ಲಿಯೂ ಈ ತೊಂದರೆ ತಪ್ಪಿತು. ಅಲ್ಲಿಯವರೆಗೆ ಕನ್ನಡ ಓದುಗನಿಗೆ ಅಧಿಕೃತಕ್ಕಿಂತ ಬೇರೆ ಗಿರಣಿಯ ಹಿಟ್ಟೇ ಲೇಸಾಗಿತ್ತು.

ಕರ್ನಾಟಕದಲ್ಲಿಯೇ ಇಂಥದೊಂದು ಪ್ರಯತ್ನ ನಡೆಯಿತು. 2010ರ ಜುಲೈನಲ್ಲಿ ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಸಂಸ್ಥೆ ಫೈರ್‌ಫಾಕ್ಸ್ ಮೂಲದಿಂದ 'ಎಪಿಕ್' ಎಂಬ ಬ್ರೌಸರ್ ಹೊರತಂದಿತು. ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಬರೆಯುವ ವ್ಯವಸ್ಥೆ, ವೈರಸ್ ತಡೆ, ನಮ್ಮ ದೇಶದ ಚಿತ್ರಗಳ ಹೊದಿಕೆ, ಪಕ್ಕದ ಪಟ್ಟಿಯಲ್ಲಿ ಹತ್ತಾರು ಉಪಕರಣ ಎಲ್ಲ ಇದ್ದವು. ತುಸು ಹೆಚ್ಚೇ ಇದ್ದವು ಎನ್ನಬೇಕು. 2013ರಲ್ಲಿ ಅದೇ ಸಂಸ್ಥೆ ಅದನ್ನೆಲ್ಲ ಬದಿಗಿಟ್ಟು, ಗೂಗಲ್‌ನ ಮುಕ್ತ ಮೂಲವಾದ ಕ್ರೋಮಿಯಂನಿಂದ, ಬಳಸುವವರ ಗುಟ್ಟು ಕಾಯುವುದನ್ನೇ ಗುರಿಯಾಗಿಟ್ಟು ಹೊಸ ಎಪಿಕ್ ಮಾಡಿತು. ಕ್ರೋಮಿಯಂ ಜೋಳದಿಂದ ಬೀಸಿದವು ಈಗ ಬಹಳ: ಕ್ರೋಮ್, 2020ರಿಂದ ಮೈಕ್ರೋಸಾಫ್ಟ್‌ನ ಎಡ್ಜ್, ಚೆನ್ನೈನ ಝೋಹೋ ಸಂಸ್ಥೆ 2023ರಲ್ಲಿ ತಂದ 'ಉಲಾ'.

ಇನ್ನು ತಂದೆಯ ಪ್ರಶ್ನೆ. ಮೂಲ ಬರವಣಿಗೆ ಎಲ್ಲರಿಗೂ ತೆರೆದಿದೆ ನಿಜ. ಆದರೆ ಯಂತ್ರದಲ್ಲಿ ಓಡುವುದು ಬೀಸಿದ ಹಿಟ್ಟು. ಅದರಲ್ಲಿ ಏನು ಬೆರೆತಿದೆ ಎಂದು ಹಿಟ್ಟು ನೋಡಿ ಹೇಳುವುದು ಪರಿಣತರಿಗೂ ಕಷ್ಟ. 2019ರ ಜುಲೈನಲ್ಲಿ ಪೇಲ್ ಮೂನ್‌ನ ಹಳೆಯ ಆವೃತ್ತಿಗಳನ್ನು ಇಟ್ಟಿದ್ದ ಕಂಪ್ಯೂಟರಿಗೆ ಯಾರೋ ನುಗ್ಗಿ, ಕಡತಗಳಲ್ಲಿ ದುಷ್ಟ ತಂತ್ರಾಂಶ ತುಂಬಿದ್ದು ಪತ್ತೆಯಾಯಿತು. ಹೊಸ ಆವೃತ್ತಿಯ ಉಗ್ರಾಣ ಸುರಕ್ಷಿತವಾಗಿತ್ತು. ಹಳೆಯ ಯಂತ್ರಕ್ಕೆಂದು ಹಳೆಯದನ್ನು ಹುಡುಕಿ ಹೋದವರಿಗೇ ಅಪಾಯ. ತಯಾರಕರು ಅದನ್ನು ತಾವೇ ಬಹಿರಂಗವಾಗಿ ಹೇಳಿದರು ಎಂಬುದೂ ನೆನಪಿರಲಿ. ಮಾಲೀಕತ್ವವೂ ಕೈ ಬದಲಿಸುತ್ತದೆ. ವಾಟರ್‌ಫಾಕ್ಸ್ ಜಾಹೀರಾತು ವ್ಯವಹಾರದ ಸಿಸ್ಟಮ್1 ಕಂಪನಿಗೆ ಮಾರಾಟವಾದ ಸುದ್ದಿ ಬಳಸುವವರಿಗೆ 2020ರಲ್ಲಿ ತಿಳಿಯಿತು. 2023ರಲ್ಲಿ ಅದು ಮತ್ತೆ ಸ್ವತಂತ್ರವಾಯಿತು.

ಆದ್ದರಿಂದ ಹೋಲಿಸುವಾಗ ವೇಗದ ಜೊತೆಗೆ ತಾರೀಖನ್ನೂ ನೋಡಬೇಕು. ಬ್ರೌಸರಿನಲ್ಲಿ ತೂತುಗಳು ಆಗಾಗ ಪತ್ತೆಯಾಗುತ್ತವೆ, ಮೂಲದವರು ತೇಪೆ ಹಾಕುತ್ತಾರೆ. ಬೇರೆ ಗಿರಣಿಯವನು ಆ ತೇಪೆಯೊಂದಿಗೆ ಮತ್ತೆ ಬೀಸಿ ಕೊಡಲು ಎಷ್ಟು ದಿನ ತೆಗೆದುಕೊಳ್ಳುತ್ತಾನೆ? ಒಬ್ಬನೇ ನಡೆಸುವ ಗಿರಣಿಯಾದರೆ, ಅವನು ಜ್ವರ ಬಂದು ಮಲಗಿದ ವಾರ ಏನು ಗತಿ?

ಉಳಿದ ಪರೀಕ್ಷೆಯನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಬಹುದು. ನಿಯಮ ಪ್ರಯೋಗಶಾಲೆಯದೇ: ಒಂದನ್ನು ಮಾತ್ರ ಬದಲಿಸಿ, ಉಳಿದದ್ದೆಲ್ಲ ಒಂದೇ ಇರಲಿ. ಅದೇ ಯಂತ್ರ, ಅದೇ ಪುಟಗಳು, ಅದೇ ಹೊತ್ತು. ಒಮ್ಮೆ ತೆರೆದ ಪುಟವನ್ನು ಬ್ರೌಸರ್ ತನ್ನಲ್ಲಿಯೇ ಇಟ್ಟುಕೊಳ್ಳುವುದರಿಂದ ಎರಡನೆಯ ಸಲ ಬೇಗ ತೆರೆಯುತ್ತದೆ; ಅದನ್ನು ಅಳಿಸಿಯೇ ಮುಂದಿನ ಅಳತೆ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಕನ್ನಡಕ್ಕೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ಬರೆದು ನೋಡಿದರೆ ಬಹಳಷ್ಟು ತಿಳಿಯುತ್ತದೆ: ಐತ್ವ, ಒತ್ವ, ಅನುಸ್ವಾರ, ಒತ್ತು, ಅರ್ಕಾವೊತ್ತು ಎಲ್ಲ ಇವುಗಳಲ್ಲೇ ಇವೆ. ಪುಟವನ್ನು ಕಾಗದದ ಮೇಲೆ ಮುದ್ರಿಸಿಯೂ ನೋಡಿ.

ಇಳಿಸಿಕೊಂಡ ಕಡತಕ್ಕೆ ಬೆರಳಚ್ಚಿನಂಥ ಗುರುತೂ ಇರುತ್ತದೆ. ಎಸ್‌ಎಚ್‌ಎ-256 ಎಂಬ ಲೆಕ್ಕದಿಂದ ಇಡೀ ಕಡತಕ್ಕೆ 64 ಚಿಹ್ನೆಗಳ ಒಂದು ಸಾಲು ಬರುತ್ತದೆ. ಕಡತದಲ್ಲಿ ಒಂದೇ ಬಿಟ್ ಬದಲಾದರೂ ಸಾಲು ಪೂರ್ತಿ ಬೇರೆಯಾಗುತ್ತದೆ. ತಯಾರಕರು ಪ್ರಕಟಿಸಿದ ಸಾಲಿಗೆ ಇದನ್ನು ತಾಳೆ ನೋಡಬಹುದು. ತಾಳೆಯಾದರೆ ದಾರಿಯಲ್ಲಿ ಕಲಬೆರಕೆ ಆಗಿಲ್ಲ ಎಂದಷ್ಟೇ ಅರ್ಥ. ಗಿರಣಿಯವನೇ ಬೆರೆಸಿದ್ದರೆ ಇದು ಹಿಡಿಯದು.

ಸವದತ್ತಿಯ ಆ ಯಂತ್ರಕ್ಕೆ ಏನು ಮಾಡಬೇಕು? ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2020ರ ಜನವರಿ 14ಕ್ಕೇ ಮುಗಿಯಿತು. ಫೈರ್‌ಫಾಕ್ಸ್‌ನ ಹೊಸ ಆವೃತ್ತಿಗಳೂ ಅದಕ್ಕೆ 2023ರ 115ಕ್ಕೇ ನಿಂತವು. ಅದರ ಮೇಲೆ ಎಂಥ ಹಗುರ ಬ್ರೌಸರ್ ಹಾಕಿದರೂ ಹರಕು ಗೋಣಿಯಲ್ಲಿ ಹೊಸ ಹಿಟ್ಟು ತುಂಬಿದಂತೆ. ಪ್ರೊಸೆಸರ್ 64 ಬಿಟ್‌ನದಾದರೆ, ವಿಂಡೋಸ್ ತೆಗೆದು ಹಗುರವಾದ ಒಂದು ಲಿನಕ್ಸ್ ಹಾಕಿ, ಆ ಬಳಗವೇ ಬೀಸಿ ಕಾಲಕಾಲಕ್ಕೆ ತೇಪೆ ಹಾಕುವ ಫೈರ್‌ಫಾಕ್ಸ್ ಬಳಸುವುದು ಲೇಸು. 2 ಜಿಬಿಯಲ್ಲಿ ಅದೂ ಓಡುವ ಕುದುರೆಯೇನಲ್ಲ. ಒಂದು ಸಲಕ್ಕೆ ಎರಡು ಮೂರು ಪುಟಕ್ಕಿಂತ ಹೆಚ್ಚು ತೆರೆಯಬಾರದು. ಹುಡುಗಿ ತಂದ ಆ ಹಗುರ ಬ್ರೌಸರಿನಲ್ಲಿ ಪಾಠದ ಚಿತ್ರ, ವಿಜ್ಞಾನದ ಲೇಖನ ನೋಡಿಕೊಳ್ಳಲಿ, ಅಭ್ಯಂತರವಿಲ್ಲ. ಆದರೆ ಅದರಲ್ಲಿ ಯಾವ ಗುಪ್ತಪದವನ್ನೂ ಒತ್ತುವುದು ಬೇಡ. ಲಿನಕ್ಸ್ ಹಾಕುವವರೆಗೆ, ಬ್ಯಾಂಕಿನ ಪುಸ್ತಕ ಹಿಡಿದು ಕುಳಿತ ತಂದೆ ಶಿಷ್ಯವೇತನದ ಅರ್ಜಿಯನ್ನು ಬೇರೆ ಯಂತ್ರದಲ್ಲಿ ತುಂಬಿಸಲಿ.